ಅವರೆಕಾಳಿನಷ್ಟು ಗ್ರಂಥಿ, ಬೆಟ್ಟದಷ್ಟು ಹೊಣೆ

ಮೈಸೂರಿನಿಂದ ತೆಂಕಣಕ್ಕೆ ಹೊರಟ ಹೆದ್ದಾರಿಯು ನಂಜನಗೂಡು, ಬೇಗೂರುಗಳನ್ನು ದಾಟಿ ಗುಂಡ್ಲುಪೇಟೆಯನ್ನು ಸೇರಿದ ಮೇಲೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ವಯನಾಡಿನ ಕಡೆಗೂ ಇನ್ನೊಂದು ಬಂಡೀಪುರದ ಕಾಡನ್ನು ಸೀಳಿಕೊಂಡು ನೀಲಗಿರಿಯ ಕಡೆಗೂ ಸಾಗುತ್ತವೆ. ಮಳೆಗಾಲದಲ್ಲಿ ಈ ದಾರಿಯ ಎರಡೂ ಬದಿಗಳಲ್ಲಿ ಚೆಂಡುಹೂವು, ಸೂರ್ಯಕಾಂತಿಗಳ ಹೊಲಗಳು ಹಳದಿಯ ಹಚ್ಚಡ ಹೊದ್ದು ನಿಂತಿರುತ್ತವೆ. ಗುಂಡ್ಲುಪೇಟೆಯಿಂದ ಪೂರ್ವಕ್ಕೆ ತೆರಕಣಾಂಬಿಯ ಮೂಲಕ ಹೋದರೆ ಚಾಮರಾಜನಗರ. ಅರಿಕುಠಾರವೆಂಬ ಹಳೆಯ ಹೆಸರಿನ ಈ ಊರು 1997ರಲ್ಲಿ ಜಿಲ್ಲಾಕೇಂದ್ರವಾಯಿತು. ಅರಿಸಿನ, ಬಾಳೆ, ರಾಗಿ, ಜೋಳಗಳನ್ನು ಬೆಳೆಯುವ ಈ ಸೀಮೆಯ ಹೊಲಗಳಲ್ಲಿ ಗಂಡಸರಷ್ಟೇ ಹೆಂಗಸರೂ ದುಡಿಯುತ್ತಾರೆ.

ಇಂಥ ಸೀಮೆಯಲ್ಲಿ ತಲೆಮಾರುಗಳಿಂದ ಎರಡು ಭಯಗಳು ಜನರ ಬೆನ್ನಿಗಿವೆ. ಒಂದು ಹೊಲದ ಹಾವು, ಇನ್ನೊಂದು ಹೆರಿಗೆ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಹುಟ್ಟಿದ್ದು ಸುಮ್ಮನಲ್ಲ. ಕೊಳಕುಮಂಡಲದ ಬಾಯಿಂದ ಉಳಿದು ಬಂದವನನ್ನೂ, ರಕ್ತದ ಮಡುವಿನಿಂದ ಎದ್ದು ಕುಳಿತ ಬಾಣಂತಿಯನ್ನೂ ಕಂಡು ‘ಗಂಡಾಂತರ ಕಳೆಯಿತು’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಕೆಲವರ ಪಾಲಿಗೆ ಗಂಡಾಂತರವು ಪೂರ್ತಿಯಾಗಿ ಕಳೆದಿರುವುದಿಲ್ಲ. ಅದು ತಲೆಬುರುಡೆಯ ತಳದಲ್ಲಿ, ಮಿದುಳಿನ ಕೆಳಗೆ, ಅವರೆಕಾಳಿನಷ್ಟು ಗಾತ್ರದ ಒಂದು ಗ್ರಂಥಿಯಲ್ಲಿ ತನ್ನ ಗುರುತನ್ನು ಬಿಟ್ಟು ಹೋಗಿರುತ್ತದೆ. ವರ್ಷಗಳು ಉರುಳಿದ ಮೇಲೆ ಆ ಗುರುತನ್ನು ಓದಿ ಹೇಳುವ ಕೆಲಸ ಪ್ರಯೋಗಾಲಯದ್ದು.

ಗ್ರಂಥಿಗಳ ಯಜಮಾನ

ಆ ಗ್ರಂಥಿಯ ಹೆಸರು ಪಿಟ್ಯುಟರಿ. ಅದರ ತೂಕ ಸುಮಾರು ಅರ್ಧ ಗ್ರಾಮ್. ತಲೆಬುರುಡೆಯ ತಳದ ಮೂಳೆಯಲ್ಲಿ ಕುದುರೆಯ ಜೀನಿನ ಆಕಾರದ ಒಂದು ತಗ್ಗಿದೆ. ಆ ಜೀನಿನ ಮೇಲೆ ಸವಾರನಂತೆ ಈ ಗ್ರಂಥಿ ಕುಳಿತಿರುತ್ತದೆ. ಕುತ್ತಿಗೆಯ ಥೈರಾಯಿಡ್ ಗ್ರಂಥಿಗೂ, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೂ, ಅಂಡಾಶಯ ವೃಷಣಗಳಿಗೂ ಅಪ್ಪಣೆ ಹೊರಡುವುದು ಇಲ್ಲಿಂದ. ಹಾರ್ಮೋನುಗಳೆಂಬ ರಸಗಳೇ ಆ ಅಪ್ಪಣೆಗಳು. ಅವುಗಳನ್ನು ಹೊತ್ತು ತಿರುಗುವ ಅಂಚೆಯವನೇ ರಕ್ತ.

ಈ ಗ್ರಂಥಿಯು ಸ್ರವಿಸುವ ರಸಗಳಲ್ಲಿ ಬೆಳವಣಿಗೆಯ ಹಾರ್ಮೋನೂ ಒಂದು. ಎಳೆಯರಲ್ಲಿ ಅದು ಕೊರತೆಯಾದರೆ ಮೈ ಕುಳ್ಳಾಗಿ ನಿಲ್ಲುತ್ತದೆಂಬುದು ಅನೇಕರಿಗೆ ಗೊತ್ತು. ಬೆಳೆದು ನಿಂತವರಿಗೆ ಅದರಿಂದೇನು ಪ್ರಯೋಜನವೆಂದು ಓದುಗರು ಕೇಳಬಹುದು. ವೈದ್ಯರೂ ಬಹುಕಾಲ ಹಾಗೆಯೇ ಎಣಿಸಿದ್ದರು. ಎತ್ತರ ನಿಂತ ಮೇಲೂ ಈ ರಸಕ್ಕೆ ಕೈತುಂಬ ಕೆಲಸವಿದೆಯೆಂಬುದು ಈಗ ಸ್ಪಷ್ಟವಾಗಿದೆ. ಸ್ನಾಯುವಿನ ಬಲ, ಮೂಳೆಯ ಗಟ್ಟಿತನ, ಕೊಬ್ಬಿನ ಹಂಚಿಕೆ, ಮನಸ್ಸಿನ ಉತ್ಸಾಹ ಇವೆಲ್ಲಕ್ಕೂ ಅದರ ಆಸರೆ ಬೇಕು. ಅದು ಬತ್ತಿದವರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ; ತೋಳು ತೊಡೆಗಳು ಬಡವಾಗುತ್ತವೆ; ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ; ಮೂಳೆ ಸವೆಯುತ್ತದೆ; ಮುಂಜಾನೆ ಏಳುವಾಗಲೇ ದಣಿವು. ಇವುಗಳಲ್ಲಿ ಒಂದಾದರೂ ಈ ಬೇನೆಗೆ ಮಾತ್ರ ಸೇರಿದ ಲಕ್ಷಣವಲ್ಲ. ಬಡತನಕ್ಕೂ, ದುಡಿಮೆಗೂ, ಚಿಂತೆಗೂ, ವಯಸ್ಸಿಗೂ ಇವೇ ಲಕ್ಷಣಗಳು. ಆದುದರಿಂದಲೇ ಮುಖ ನೋಡಿ ರೋಗ ಹೇಳುವುದು ಇಲ್ಲಿ ನಡೆಯದು, ರಕ್ತವನ್ನೇ ಕೇಳಬೇಕು.

ಬಾಣಂತಿಯ ಬೇನೆ, ಹಾವಿನ ನಂಜು

ಗರ್ಭಿಣಿಯಲ್ಲಿ ಪಿಟ್ಯುಟರಿ ಗ್ರಂಥಿಯು ಹಿಗ್ಗಿ ದೊಡ್ಡದಾಗುತ್ತದೆ. ಅದಕ್ಕೆ ಬೇಕಾಗುವ ರಕ್ತವೂ ಹೆಚ್ಚು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ನಾಡಿ ಕುಸಿದಾಗ ಮೊದಲು ಹಸಿಯುವ ಅಂಗಗಳಲ್ಲಿ ಇದೂ ಒಂದು. ಕೆಲವು ಗಂಟೆಗಳ ಹಸಿವಿನಲ್ಲಿ ಗ್ರಂಥಿಯ ಬಹುಭಾಗ ಸತ್ತುಹೋಗಬಹುದು. ಇದನ್ನು 1937ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ಹೆರಾಲ್ಡ್ ಶೀಹನ್ ವಿವರಿಸಿದರು. ಬೇನೆಗೆ ಅವರ ಹೆಸರೇ ನಿಂತಿತು. ಶ್ರೀಮಂತ ದೇಶಗಳಲ್ಲಿ ಈಗ ಶೀಹನ್ ಬೇನೆ ಅಪರೂಪ. ಆದರೆ ಕಾಶ್ಮೀರದ ಕಣಿವೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು, ಇಪ್ಪತ್ತು ದಾಟಿದ, ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇದನ್ನು ಗುರುತಿಸಿತು. ಅವರಲ್ಲಿ ಹೆಚ್ಚಿನವರು ಮನೆಯಲ್ಲಿಯೇ ಹೆತ್ತವರು.

ಇಂದು ಚಾಮರಾಜನಗರ ಸೀಮೆಯ ತಾಯಂದಿರು ಆಸ್ಪತ್ರೆಯಲ್ಲಿ ಹೆರುವುದು ರೂಢಿಯಾಗಿದೆ. ಆದರೆ ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಹಳ್ಳಿಯ ಮನೆಗಳಲ್ಲಿ, ಬಿಳಿಗಿರಿರಂಗನಬೆಟ್ಟದ ಸೋಲಿಗರ ಪೋಡುಗಳಲ್ಲಿ, ಸೂಲಗಿತ್ತಿಯ ಕೈಯಲ್ಲಿ ಹೆತ್ತ ತಾಯಂದಿರು ಇಂದು ಐವತ್ತರ ಆಸುಪಾಸಿನಲ್ಲಿದ್ದಾರೆ. ಅಂಥ ಒಬ್ಬ ತಾಯಿಯನ್ನು ಊಹಿಸಿಕೊಳ್ಳಬಹುದು. ಕೊನೆಯ ಹೆರಿಗೆಯಲ್ಲಿ ರಕ್ತ ಬಹಳ ಹೋಯಿತು. ಎದೆಯಲ್ಲಿ ಹಾಲು ಇಳಿಯಲಿಲ್ಲ. ಮತ್ತೆ ಮುಟ್ಟು ಕಾಣಲಿಲ್ಲ. ಕಂಕುಳ ಕೂದಲು ಉದುರಿತು. ಉಳಿದವರು ಬೆವರುವಾಗ ಅವಳಿಗೆ ಚಳಿ. ಬಾಣಂತಿತನ ಸರಿಯಾಗಿ ಆಗಲಿಲ್ಲವೆಂದು ಹಿರಿಯರು ನುಡಿದರು; ಮೈಗಳ್ಳಿಯೆಂದು ಕೆಲವರು ಆಡಿಕೊಂಡರು. ರಕ್ತಹೀನತೆಯ ಗುಳಿಗೆಗಳನ್ನು ನುಂಗಿದರೂ ಗುಣ ಕಾಣಲಿಲ್ಲ. ಹೀಗೆ ಹತ್ತು, ಹದಿನೈದು, ಇಪ್ಪತ್ತು ವರ್ಷಗಳು ಕಳೆದ ಮೇಲೆ ರೋಗದ ಹೆಸರು ತಿಳಿದುಬರುವುದು ಈ ಬೇನೆಯಲ್ಲಿ ವಿರಳವಲ್ಲ.

ಹಾವಿನ ಕಥೆಯೂ ಬೇರೆಯಲ್ಲ. ಕೊಳಕುಮಂಡಲದ ನಂಜು ರಕ್ತನಾಳಗಳೊಳಗೆ ಸಣ್ಣ ಸಣ್ಣ ಹೆಪ್ಪುಗಳನ್ನು ಕಟ್ಟಿಸಿ, ಹೆಪ್ಪುಗಟ್ಟಿಸುವ ಸತ್ತ್ವವನ್ನೆಲ್ಲ ಖರ್ಚುಮಾಡಿ, ಬಳಿಕ ಎಲ್ಲೆಂದರಲ್ಲಿ ರಕ್ತ ಸೋರುವಂತೆ ಮಾಡುತ್ತದೆ. ಪಿಟ್ಯುಟರಿಯಲ್ಲಿ ಹಾಗಾದರೆ ಗ್ರಂಥಿಯೇ ನಾಶವಾಗುತ್ತದೆ. ಬರ್ಮಾ ದೇಶದ ರೈತರಲ್ಲಿ ಶೀಹನ್ ಬೇನೆಯನ್ನೇ ಹೋಲುವ ಈ ಸ್ಥಿತಿಯನ್ನು ಕಂಡ ವೈದ್ಯರು 1987ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ದಕ್ಷಿಣ ಭಾರತದಿಂದಲೂ ಇಂಥ ವರದಿಗಳು ಬಂದಿವೆ. ಹಾವು ಕಚ್ಚಿ ಮೂತ್ರಪಿಂಡ ಕೆಟ್ಟು ಚೇತರಿಸಿಕೊಂಡವರಲ್ಲಿ ಈ ಸಂಶಯಕ್ಕೆ ಹೆಚ್ಚಿನ ಎಡೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವುಕಡಿತವನ್ನು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರವು 2024ರಲ್ಲಿ ಪ್ರತಿಯೊಂದು ಹಾವುಕಡಿತವನ್ನೂ ವರದಿ ಮಾಡಬೇಕೆಂದು ವಿಧಿಸಿತು. ಕಚ್ಚಿದ ದಿನದ ಲೆಕ್ಕವೇನೋ ಹೀಗೆ ಸಿಕ್ಕುತ್ತದೆ. ಕಚ್ಚಿ ವರ್ಷವಾದ ಮೇಲೆ ಆ ಮನುಷ್ಯ ಹೇಗಿದ್ದಾನೆಂದು ಕೇಳುವವರೂ ಬೇಕು.

ಇವೆರಡಲ್ಲದೆ, ಗ್ರಂಥಿಯಲ್ಲಿ ಬೆಳೆಯುವ ಗಡ್ಡೆ, ಅದಕ್ಕಾಗಿ ಮಾಡಿದ ಶಸ್ತ್ರಚಿಕಿತ್ಸೆ, ತಲೆಗೆ ಕೊಟ್ಟ ವಿಕಿರಣ ಚಿಕಿತ್ಸೆ, ರಸ್ತೆಯ ಅಪಘಾತದಲ್ಲಿ ತಲೆಗೆ ಬಿದ್ದ ಪೆಟ್ಟು ಇವೂ ಪಿಟ್ಯುಟರಿಯನ್ನು ಕೆಡಿಸುವುದುಂಟು.

ಒಂದು ತೊಟ್ಟು ರಕ್ತ ಸಾಲದು

ಸಕ್ಕರೆಯ ಪರೀಕ್ಷೆಗೆ ಕೊಟ್ಟಂತೆ ಒಂದು ಸಲ ರಕ್ತ ಕೊಟ್ಟು ಬೆಳವಣಿಗೆಯ ಹಾರ್ಮೋನನ್ನು ಅಳೆಯಿಸಿಬಿಡಬಹುದಲ್ಲ ಎನಿಸಬಹುದು. ಇಲ್ಲಿಯೇ ಇರುವುದು ತೊಡಕು. ಈ ರಸವು ಹೊಳೆಯಂತೆ ಸದಾ ಹರಿಯುವುದಿಲ್ಲ. ಚಿಲುಮೆಯಂತೆ ಆಗಾಗ ಚಿಮ್ಮುತ್ತದೆ. ಅದರ ದೊಡ್ಡ ಚಿಮ್ಮುಗಳು ರಾತ್ರಿಯ ಗಾಢನಿದ್ರೆಯಲ್ಲಿ. ಹಗಲಿನ ನಡುವೆ ಆರೋಗ್ಯವಂತರ ರಕ್ತದಲ್ಲಿಯೂ ಅದು ಇಲ್ಲವೆಂಬಷ್ಟು ಕಡಮೆ. ಆದುದರಿಂದ ಬೆಳಗ್ಗೆ ಹತ್ತು ಗಂಟೆಗೆ ತೆಗೆದ ಒಂದು ಮಾದರಿಯಲ್ಲಿ ಸೊನ್ನೆ ಬಂದರೆ, ಅದರಿಂದ ರೋಗವಿದೆಯೆಂದಾಗಲಿ ಇಲ್ಲವೆಂದಾಗಲಿ ಹೇಳುವಂತಿಲ್ಲ. ಅಂಥ ಪರೀಕ್ಷೆಗೆ ಕೊಟ್ಟ ಹಣ ವ್ಯರ್ಥ.

ಇನ್ನೊಂದು ದಾರಿಯಿದೆ. ಬೆಳವಣಿಗೆಯ ಹಾರ್ಮೋನಿನ ಅಪ್ಪಣೆಯಂತೆ ಯಕೃತ್ತು ಐ.ಜಿ.ಎಫ್.-1 ಎಂಬ ಮತ್ತೊಂದು ವಸ್ತುವನ್ನು ತಯಾರಿಸುತ್ತದೆ. ಇದು ದಿನವಿಡೀ ಹೆಚ್ಚುಕಡಮೆ ಒಂದೇ ಮಟ್ಟದಲ್ಲಿರುವುದರಿಂದ ಒಂದೇ ಮಾದರಿ ಸಾಕು. ಊರಿನಲ್ಲಿಯೇ ರಕ್ತ ತೆಗೆಸಿ, ಸೀರಮ್ಮನ್ನು ಬೇರ್ಪಡಿಸಿ, ತಂಪಿನಲ್ಲಿಟ್ಟು ದೂರದ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಆದರೆ ಅದರ ಸಾಕ್ಷ್ಯವನ್ನು ಎಚ್ಚರದಿಂದ ತೂಗಬೇಕು. ವಯಸ್ಸು ಏರಿದಂತೆ ಈ ಮಟ್ಟ ಸಹಜವಾಗಿ ಇಳಿಯುವುದರಿಂದ ಇಪ್ಪತ್ತರವರ ಅಳತೆಗೋಲು ಅರವತ್ತರವರಿಗೆ ಸಲ್ಲದು. ಅನ್ನದ ಕೊರತೆ, ಯಕೃತ್ತಿನ ರೋಗ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಥೈರಾಯಿಡ್ ಕೊರತೆ, ಬಾಯಿಯ ಮೂಲಕ ಸೇವಿಸಿದ ಈಸ್ಟ್ರೊಜೆನ್ ಗುಳಿಗೆ ಇವುಗಳಿಂದಲೂ ಅದು ತಗ್ಗುತ್ತದೆ. ಅತ್ತ, ನಿಜವಾದ ಕೊರತೆಯಿದ್ದವರಲ್ಲಿ ಕೆಲವರಿಗೆ ಐ.ಜಿ.ಎಫ್.-1 ಸರಿಯಾಗಿಯೇ ಬರಬಹುದು. ಅದು ಸಂಶಯವನ್ನು ಬಲಪಡಿಸುವ ಸಾಕ್ಷಿಯೇ ಹೊರತು ತೀರ್ಪು ಕೊಡುವ ನ್ಯಾಯಾಧೀಶನಲ್ಲ.

ಗ್ರಂಥಿಯನ್ನು ಕೆಣಕುವ ಪರೀಕ್ಷೆ

ಮಲಗಿದವನು ಬದುಕಿದ್ದಾನೆಯೆ ಎಂದು ತಿಳಿಯಲು ತಟ್ಟಿ ಎಬ್ಬಿಸಬೇಕು. ಪಿಟ್ಯುಟರಿಯನ್ನೂ ಹಾಗೆಯೇ ಕೆಣಕಿ, ಅದು ಎಷ್ಟರಮಟ್ಟಿಗೆ ಏಳುತ್ತದೆಂದು ನೋಡಬೇಕು. ರಕ್ತದ ಸಕ್ಕರೆ ಕುಸಿದಾಗ ಬೆಳವಣಿಗೆಯ ಹಾರ್ಮೋನು ರಭಸದಿಂದ ಚಿಮ್ಮುತ್ತದೆಂಬುದನ್ನು 1963ರಲ್ಲಿ ರಾತ್, ಗ್ಲಿಕ್, ಯಾಲೊ, ಬರ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಇನ್ಸುಲಿನ್ ಪರೀಕ್ಷೆಗೆ ಇದೇ ತಳಹದಿ.

ರಾತ್ರಿಯೆಲ್ಲ ಉಪವಾಸವಿದ್ದ ರೋಗಿಯನ್ನು ಬೆಳಗ್ಗೆ ಹಾಸಿಗೆಯಲ್ಲಿ ಮಲಗಿಸಿ, ತೋಳಿನ ರಕ್ತನಾಳಕ್ಕೆ ಸೂಜಿ ಜೋಡಿಸುತ್ತಾರೆ. ದೇಹತೂಕದ ಕಿಲೋ ಒಂದಕ್ಕೆ ಸಾಮಾನ್ಯವಾಗಿ 0.1 ಯೂನಿಟ್ಟಿನಂತೆ ಇನ್ಸುಲಿನ್ ಕೊಡುತ್ತಾರೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ಸಕ್ಕರೆ ಇಳಿಯತೊಡಗುತ್ತದೆ. ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ, ಹೊಟ್ಟೆಯಲ್ಲಿ ಹಸಿವು, ಕಣ್ಣಿನಲ್ಲಿ ಮಂಪರು. ಸಕ್ಕರೆ 100 ಮಿಲಿಲೀಟರಿಗೆ 40 ಮಿಲಿಗ್ರಾಮಿನ ಕೆಳಗಿಳಿಯಬೇಕು. ಇಲ್ಲವಾದರೆ ಪರೀಕ್ಷೆ ಸಿಂಧುವಲ್ಲ. ಮೊದಲೊಮ್ಮೆ, ಬಳಿಕ 30, 60, 90, 120 ನಿಮಿಷಗಳಲ್ಲಿ ರಕ್ತ ತೆಗೆಯುತ್ತಾರೆ. ವೈದ್ಯರು ಮಗ್ಗುಲಲ್ಲಿಯೇ ಇರಬೇಕು. ಗ್ಲೂಕೋಸ್ ದ್ರಾವಣ ಕೈಗೆಟುಕುವಂತಿರಬೇಕು. ಹೃದಯರೋಗಿಗಳಿಗೆ, ಮೂರ್ಛೆರೋಗವಿರುವವರಿಗೆ, ಗರ್ಭಿಣಿಯರಿಗೆ ಈ ಪರೀಕ್ಷೆ ಸಲ್ಲದು, ಮುದುಕರಿಗೂ ಹಿತವಲ್ಲ. ಇದನ್ನು ರಕ್ತ ತೆಗೆಯುವ ಅಂಗಡಿಯ ಬೆಂಚಿನ ಮೇಲೆ ಮಾಡುವಂತಿಲ್ಲ. ಮೈಸೂರು, ಬೆಂಗಳೂರಿನಂಥ ಕಡೆಗಳಲ್ಲಿ ಹಾರ್ಮೋನು ತಜ್ಞರಿರುವ ಆಸ್ಪತ್ರೆಯೇ ಇದಕ್ಕೆ ತಕ್ಕ ಸ್ಥಳ.

ಹಾರ್ಮೋನಿನ ಶಿಖರವು ಒಂದು ಮಿಲಿಲೀಟರಿಗೆ 3 ನ್ಯಾನೊಗ್ರಾಮನ್ನು ಮುಟ್ಟದಿದ್ದರೆ ತೀವ್ರ ಕೊರತೆಯೆನ್ನುತ್ತಾರೆ. 5ನ್ನು ಗೆರೆಯಾಗಿ ಹಿಡಿಯುವವರೂ ಇದ್ದಾರೆ. ಈ ಪ್ರಮಾಣ ಎಷ್ಟು ಸೂಕ್ಷ್ಮ? ಹತ್ತು ಲಕ್ಷ ಲೀಟರು ನೀರು ಹಿಡಿಯುವ ಕಲ್ಯಾಣಿಯೊಂದರಲ್ಲಿ ಮೂರು ಗ್ರಾಮ್ ಉಪ್ಪನ್ನು ಕದಡಿದಷ್ಟು. ಇಷ್ಟನ್ನು ಅಳೆಯುವ ವಿದ್ಯೆಯನ್ನು ಲೋಕಕ್ಕೆ ಕೊಟ್ಟವರು ರೊಸಾಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್. ಅಳೆಯಬೇಕಾದ ಹಾರ್ಮೋನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ತೆಗೆದುಕೊಂಡು, ವಿಕಿರಣದ ಗುರುತು ಹಚ್ಚಿದ ಹಾರ್ಮೋನಿಗೂ ರೋಗಿಯ ರಕ್ತದ ಹಾರ್ಮೋನಿಗೂ ಅದರ ಮೇಲೆ ಪೈಪೋಟಿ ಹಚ್ಚಿ, ಯಾವುದು ಎಷ್ಟು ಜಾಗ ಹಿಡಿಯಿತೆಂದು ಎಣಿಸುವುದೇ ಅವರ ಯುಕ್ತಿ. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಇಂದಿನ ಯಂತ್ರಗಳು ವಿಕಿರಣದ ಬದಲು ಬೆಳಕನ್ನು ಬಳಸುತ್ತವೆ. ಹಾರ್ಮೋನನ್ನು ಎರಡು ಪ್ರತಿಕಾಯಗಳ ನಡುವೆ ಸಿಕ್ಕಿಸಿ, ಹೊಮ್ಮುವ ಬೆಳಕಿನಿಂದ ಪ್ರಮಾಣವನ್ನು ಹೇಳುತ್ತವೆ. ಆದರೆ ಒಂದು ಯಂತ್ರದ ಅಂಕಿಯು ಇನ್ನೊಂದರ ಅಂಕಿಗೆ ಸರಿಯಾಗಿ ಹೊಂದದಿರುವುದುಂಟು. ಆದಕಾರಣ ಮರುಪರೀಕ್ಷೆಯನ್ನು ಸಾಧ್ಯವಾದಷ್ಟೂ ಅದೇ ಪ್ರಯೋಗಾಲಯದಲ್ಲಿ ಮಾಡಿಸುವುದು ಲೇಸು.

ಇನ್ಸುಲಿನ್ ಸಲ್ಲದವರಿಗೆ ಗ್ಲೂಕಗಾನ್ ಪರೀಕ್ಷೆಯಿದೆ. ಸ್ನಾಯುವಿಗೆ ಸಾಮಾನ್ಯವಾಗಿ 1 ಮಿಲಿಗ್ರಾಮ್ ಚುಚ್ಚುಮದ್ದು ಕೊಟ್ಟು, ಮೂರು ನಾಲ್ಕು ಗಂಟೆಗಳವರೆಗೆ ಅರ್ಧರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಓಕರಿಕೆ ಬರಬಹುದು, ಅಪಾಯ ಕಡಮೆ. ಸ್ಥೂಲಕಾಯದವರಲ್ಲಿ ಹಾರ್ಮೋನಿನ ಚಿಮ್ಮು ಸಹಜವಾಗಿಯೇ ತಗ್ಗುವುದರಿಂದ, ಅಂಥವರ ಪಾಲಿಗೆ ಗೆರೆಯನ್ನು 3ರಿಂದ 1ಕ್ಕೆ ಇಳಿಸುವ ಪದ್ಧತಿಯೂ ಇದೆ. ಇಲ್ಲದಿದ್ದರೆ ದಪ್ಪಗಿರುವವರೆಲ್ಲ ರೋಗಿಗಳಾಗಿಬಿಡುತ್ತಾರೆ. ಮ್ಯಾಸಿಮೊರೆಲಿನ್ ಎಂಬ ಕುಡಿಯುವ ಔಷಧವು 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಒಂದೂವರೆ ಗಂಟೆಯಲ್ಲಿ ಪರೀಕ್ಷೆ ಮುಗಿಯುತ್ತದೆ. ಆದರೆ ಅದು ಎಲ್ಲೆಡೆ ಸುಲಭವಾಗಿ ದೊರೆಯುವುದಿಲ್ಲ. ಮಕ್ಕಳಿಗೆ ಮಾಡುವ ಕ್ಲೋನಿಡಿನ್ ಪರೀಕ್ಷೆಯು ದೊಡ್ಡವರ ವಿಷಯದಲ್ಲಿ ನಂಬಲರ್ಹವಲ್ಲ.

ಮೊದಲು ಯಾವುದು?

ಇಷ್ಟೆಲ್ಲ ಪರೀಕ್ಷೆಗಳ ವಿವರವನ್ನು ಕೇಳಿದವರು, ಹಳ್ಳಿಯ ಬಡ ತಾಯಿಗೆ ಇದೆಲ್ಲ ಎಟುಕುವ ಮಾತೆ ಎಂದು ನಿರಾಶರಾಗಬಹುದು. ಆದರೆ ಅವಳ ಪಾಲಿಗೆ ಜೀವದ ಪ್ರಶ್ನೆ ಬೇರೆಯದು. ಪಿಟ್ಯುಟರಿ ಕೆಟ್ಟಾಗ ಬೆಳವಣಿಗೆಯ ಹಾರ್ಮೋನು ಒಂದೇ ಬತ್ತುವುದು ವಿರಳ; ಅದರೊಡನೆ ಉಳಿದವೂ ಬತ್ತುತ್ತವೆ. ಅವುಗಳಲ್ಲಿ ಕಾರ್ಟಿಸೋಲನ್ನು ಹೊರಡಿಸುವ ಅಪ್ಪಣೆ ನಿಂತುಹೋಗಿದ್ದರೆ, ಒಂದು ಜ್ವರ, ಒಂದು ವಾಂತಿಭೇದಿ ಸಾಕು. ರಕ್ತದೊತ್ತಡ ಕುಸಿದು, ಉಪ್ಪಿನಂಶ ಇಳಿದು, ಪ್ರಾಣಕ್ಕೇ ಬರಬಹುದು. ಆದುದರಿಂದ ಮೊದಲು ಮಾಡಬೇಕಾದುದು ಬೆಳಗ್ಗೆ ಎಂಟರ ವೇಳೆಯ ಕಾರ್ಟಿಸೋಲ್ ಪರೀಕ್ಷೆ ಮತ್ತು ಥೈರಾಯಿಡ್ ಪರೀಕ್ಷೆ.

ಥೈರಾಯಿಡ್ ಪರೀಕ್ಷೆಯಲ್ಲಿಯೂ ಒಂದು ಗುಟ್ಟಿದೆ. ಟಿ.ಎಸ್.ಎಚ್. ಎಂಬುದು ಪಿಟ್ಯುಟರಿಯದೇ ರಸ. ಥೈರಾಯಿಡ್ ಗ್ರಂಥಿಯೇ ಕೆಟ್ಟಿದ್ದರೆ ಅದು ಏರುತ್ತದೆ; ಪಿಟ್ಯುಟರಿ ಕೆಟ್ಟಿದ್ದರೆ ಏರಬೇಕಾದಲ್ಲಿ ಏರದೆ, ಸರಿಯಿರುವಂತೆಯೇ ತೋರಬಹುದು. ಆ ಒಂದು ಅಂಕಿಯನ್ನಷ್ಟೇ ನೋಡಿ ‘ಥೈರಾಯಿಡ್ ಸರಿಯಿದೆ’ ಎಂದು ಚೀಟಿ ಬರೆದರೆ ರೋಗ ಮರೆಯಾಗುತ್ತದೆ. ಜೊತೆಗೆ ಟಿ-4ನ್ನು ಅಳೆದರೆ ನಿಜ ಹೊರಬೀಳುತ್ತದೆ. ಚಿಕಿತ್ಸೆಯಲ್ಲಿಯೂ ಕ್ರಮ ತಪ್ಪಬಾರದು. ಕಾರ್ಟಿಸೋಲಿನ ಕೊರತೆಯನ್ನು ಮೊದಲು ತುಂಬಿ, ಅನಂತರ ಥೈರಾಯಿಡ್ ಗುಳಿಗೆಯನ್ನು ಆರಂಭಿಸಬೇಕು. ಹಿಂದುಮುಂದಾದರೆ ಗುಳಿಗೆಯೇ ಅಪಾಯವನ್ನು ತರಬಲ್ಲುದು. ಈ ಎರಡು ಔಷಧಗಳೂ ಅಗ್ಗವಾದವು, ವರ್ಷಗಟ್ಟಲೆ ಬಳಕೆಯಲ್ಲಿರುವಂಥವು. ಹಾಸಿಗೆ ಹಿಡಿದವಳು ಎದ್ದು ಓಡಾಡುವಂತಾಗುವುದು ಬಹುಪಾಲು ಇವುಗಳಿಂದಲೇ.

ಇವು ನೆಲೆಗೊಂಡ ಮೇಲೆಯೇ ಬೆಳವಣಿಗೆಯ ಹಾರ್ಮೋನಿನ ಸರದಿ. ಇಲ್ಲಿಯೂ ಒಂದು ಅನುಕೂಲವುಂಟು. ಪಿಟ್ಯುಟರಿಯ ಮೂರು ಅಥವಾ ಹೆಚ್ಚು ರಸಗಳು ಬತ್ತಿರುವುದು ಖಚಿತವಾಗಿ, ಐ.ಜಿ.ಎಫ್.-1 ಕೂಡ ವಯಸ್ಸಿಗೆ ತಕ್ಕುದಕ್ಕಿಂತ ಕಡಮೆಯಿದ್ದರೆ, ಕೆಣಕುವ ಪರೀಕ್ಷೆಯ ಅಗತ್ಯವೇ ಇಲ್ಲವೆಂದು ತಜ್ಞರು ಒಪ್ಪಿದ್ದಾರೆ. ಶೀಹನ್ ಬೇನೆಯ ತಾಯಂದಿರಲ್ಲಿ ಅನೇಕರು ಈ ಗುಂಪಿಗೇ ಸೇರುತ್ತಾರೆ. ಅವರ ಎಂ.ಆರ್.ಐ. ಚಿತ್ರದಲ್ಲಿ ಸವಾರನಿಲ್ಲದ ಬರಿಯ ಜೀನು ಕಾಣುವುದುಂಟು.

ಹೆಣದಿಂದ ಬಂದ ಮದ್ದು, ಕಾರ್ಖಾನೆಯ ಮದ್ದು

ಮನುಷ್ಯನ ಬೆಳವಣಿಗೆಯ ಹಾರ್ಮೋನನ್ನು 1956ರಲ್ಲಿ ಚೋ ಹಾವ್ ಲೀ ಬೇರ್ಪಡಿಸಿದರು. 1958ರಲ್ಲಿ ಮಾರಿಸ್ ರೇಬನ್ ಅದರಿಂದ ಕುಳ್ಳ ಹುಡುಗನೊಬ್ಬ ಬೆಳೆದುದನ್ನು ವರದಿ ಮಾಡಿದರು. ಆಗ ಮದ್ದಿಗೆ ಮೂಲ ಸತ್ತವರ ಪಿಟ್ಯುಟರಿ. ಹಾಗೆ ಪಡೆದ ಮದ್ದಿನಿಂದ ಕೆಲವರಿಗೆ ಮಿದುಳನ್ನು ತಿನ್ನುವ ಮಾರಕ ರೋಗ ತಗಲಿತೆಂದು 1985ರಲ್ಲಿ ತಿಳಿದುಬಂದು, ಅಮೆರಿಕದಲ್ಲಿ ಅದರ ಹಂಚಿಕೆ ನಿಂತಿತು. ಅದೇ ವರ್ಷ, ಬ್ಯಾಕ್ಟೀರಿಯಗಳಿಂದ ತಯಾರಿಸಿದ ಶುದ್ಧ ಹಾರ್ಮೋನು ಅಲ್ಲಿ ಒಪ್ಪಿಗೆ ಪಡೆಯಿತು. ದೊಡ್ಡವರ ಕೊರತೆಗೆ ಅದನ್ನು ಕೊಡಲು ಅಲ್ಲಿ ಅನುಮತಿ ದೊರೆತದ್ದು 1996ರಲ್ಲಿ. ಚರ್ಮದ ಕೆಳಗೆ ದಿನವೂ ಚುಚ್ಚಿಕೊಳ್ಳಬೇಕಾದ ಈ ಮದ್ದು ಈಗಲೂ ತುಟ್ಟಿ. ಅದನ್ನು ಅಲ್ಪ ಪ್ರಮಾಣದಿಂದ ಆರಂಭಿಸಿ, ಐ.ಜಿ.ಎಫ್.-1 ಅಳೆಯುತ್ತ ಹೊಂದಿಸಬೇಕು. ಸಕ್ರಿಯ ಕ್ಯಾನ್ಸರ್ ಇರುವವರಿಗೆ ಅದು ನಿಷಿದ್ಧ. ಹರೆಯ ಮರಳುವುದೆಂದೋ ತೋಳು ದಪ್ಪವಾಗುವುದೆಂದೋ ನಗರಗಳಲ್ಲಿ ಇದನ್ನು ಚುಚ್ಚಿಸಿಕೊಳ್ಳುವ ಚಪಲವೂ ಹುಟ್ಟಿದೆ. ಕೊರತೆಯಿಲ್ಲದವರಿಗೆ ಕೊಟ್ಟರೆ ಕೀಲುನೋವು, ಮೈಬಾವು, ಸಕ್ಕರೆಯ ಏರಿಕೆ ಇವೇ ಫಲ.

ಕಾಸಿಲ್ಲದ ಪರೀಕ್ಷೆ

2016ರಿಂದ ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಹಳ್ಳಿಹಳ್ಳಿಗೆ ಆಶಾ ಕಾರ್ಯಕರ್ತೆಯರು ತಿರುಗುತ್ತಿದ್ದಾರೆ. ಈ ಬೇನೆಯ ಮೊದಲ ಪರೀಕ್ಷೆಗೆ ಯಂತ್ರ ಬೇಡ, ಸೂಜಿ ಬೇಡ. ಮೂರು ಪ್ರಶ್ನೆಗಳು ಸಾಕು. ಬಹುಕಾಲದಿಂದ ದಣಿದು ಸೊರಗಿದ ಹೆಂಗಸು ಆಸ್ಪತ್ರೆಯ ಬಾಗಿಲಿಗೆ ಬಂದಾಗ, ‘ಅವ್ವಾ, ಕಡೇ ಹೆರಿಗೇಲಿ ರಕ್ತ ಬಾಳಾ ಹೋಗಿತ್ತಾ? ಮಗೀಗೆ ಎದೆಹಾಲು ಬಂತಾ? ಆಮೇಲೆ ಮುಟ್ಟಾದ್ರಾ?’ ಎಂದು ಯಾರಾದರೂ ಕೇಳಿದರೆ ಅರ್ಧ ರೋಗ ಅಲ್ಲಿಯೇ ಗೊತ್ತಾಗುತ್ತದೆ. ಗಂಡಸಾದರೆ ಹಾವು ಕಚ್ಚಿತ್ತೆ, ತಲೆಗೆ ಪೆಟ್ಟು ಬಿದ್ದಿತ್ತೆ ಎಂದು ಕೇಳಬೇಕು. ಹೌದೆಂಬ ಉತ್ತರ ಬಂದಲ್ಲಿ ಮುಂದಿನ ಹೆಜ್ಜೆ ಕಾರ್ಟಿಸೋಲ್, ಟಿ-4. ಅದರ ಮುಂದಿನದು ಐ.ಜಿ.ಎಫ್.-1; ಇನ್ಸುಲಿನ್ನೂ ಗ್ಲೂಕಗಾನೂ ಬೇಕೆನಿಸಿದಾಗ ಮೈಸೂರಿನ ದಾರಿ ಇದ್ದೇ ಇದೆ.

ಪ್ರಯೋಗಾಲಯವು ಎಷ್ಟೇ ಸೂಕ್ಷ್ಮವಾಗಿ ಅಳೆಯಲಿ, ಅದರ ಬಾಗಿಲಿಗೆ ರೋಗಿಯನ್ನು ತಲುಪಿಸುವುದು ಮನುಷ್ಯನ ಮಾತು. ಇಪ್ಪತ್ತು ವರ್ಷ ಮೈಗಳ್ಳಿಯೆನ್ನಿಸಿಕೊಂಡ ತಾಯಿಗೆ ‘ನಿನ್ನ ದಣಿವು ಸುಳ್ಳಲ್ಲ, ಅದಕ್ಕೆ ಹೆಸರಿದೆ, ಮದ್ದಿದೆ’ ಎಂದು ಹೇಳಲು ಸಾಧ್ಯವಾಗುವುದಾದರೆ, ಆ ಮೂರು ಪ್ರಶ್ನೆಗಳನ್ನು ಕೇಳುವ ತಾಳ್ಮೆ ವ್ಯರ್ಥವಾಗಲಾರದು.